ಇನ್ನೂ ಎರಡು ಕೆರೆ ಇದೆ

ಸಕ್ಕರೆ ಕಾಯಿಲೆ ಬಂದಾಗ ಡಾಕ್ಟರು ದಿನಾ ಒಂದು ಗಂಟೆ ನಡೆಯಿರಿ ಎಂದರು. ನಡೆಯುವುದು ನನಗೆ ಆಗಿಬರುವುದಿಲ್ಲ. ಎದುರು ಸಿಕ್ಕವರೆಲ್ಲ ಎಲ್ಲಿಗೆ ಹೊರಟಿರಿ ಎಂದು ಕೇಳುತ್ತಾರೆ. ಎಲ್ಲಿಗೂ ಇಲ್ಲ, ಸುಮ್ಮನೆ ಎಂದರೆ ಮನೆಯಲ್ಲಿ ಜಗಳವಾಗಿದೆಯೇನೋ ಎಂಬಂತೆ ನೋಡುತ್ತಾರೆ. ಸೈಕಲ್ ಮೇಲೆ ಕೂತವನನ್ನು ಯಾರೂ ಹಾಗೆ ಕೇಳುವುದಿಲ್ಲ. ಹಾಗಾಗಿ ನಿವೃತ್ತಿಯಾದ ವರ್ಷವೇ ಕೋಲಾರದಲ್ಲಿ ಒಂದು ಗೇರು ಸೈಕಲ್ ಕೊಂಡೆ. ಅದನ್ನು ಮೊದಲು ತೋರಿಸಿದ್ದು ಭಾವನಿಗೆ, ಅಂದರೆ ನನ್ನ ಅಕ್ಕನ ಗಂಡನಿಗೆ. ಅವರು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ ನೋಡಿ, "ಗೇರು ಹಾಕೋಕೆ ಇದೇನು ಲಾರಿನೇನ್ಲಾ?" ಎಂದರು. ಅವರದು ಹಳೆಯ ಕಪ್ಪು ಸೈಕಲ್ಲು. ಅದರ ಕ್ಯಾರಿಯರ್ ಮೇಲೆ ರೇಷ್ಮೆಗೂಡಿನ ಚೀಲ ಹೇರಿಕೊಂಡು ಮಾರುಕಟ್ಟೆಗೆ ಹೋಗಿ ಬಂದೇ ಅವರು ಮಗಳ ಮದುವೆ ಮಾಡಿದ್ದರು.

ಭಾವನ ಊರು ಹುತ್ತೂರಿನ ಕಡೆ ಒಂದು ಸಣ್ಣ ಹಳ್ಳಿ, ನನ್ನ ಮನೆಯಿಂದ ಸೈಕಲ್ಲಿಗೆ ಹತ್ತಿರ. ನಾನು ರೇಷ್ಮೆ ಇಲಾಖೆಯಲ್ಲಿ ಮೂವತ್ತು ವರ್ಷ ಹುಳು ಸಾಕುವವರ ಮನೆಬಾಗಿಲು ತಿರುಗಿದವನು. ಯಾರ ಮನೆಯ ಹುಳುವಿಗೆ ಏನು ರೋಗ, ಯಾರ ತೋಟಕ್ಕೆ ಯಾವ ಗೊಬ್ಬರ ಎಂದು ಹೇಳಿ ಹೇಳಿ, ಕೇಳದಿದ್ದರೂ ಸಲಹೆ ಕೊಡುವ ಚಟ ನನಗೆ ಅಂಟಿಕೊಂಡಿದೆ. ಆ ಚಟ ಏನು ಮಾಡಿತು ಎಂಬುದನ್ನು ಬರೆಯಲೆಂದೇ ಕೂತಿದ್ದೇನೆ.

ಆಗ ಅಕ್ಕ ಇದ್ದಳು. ನಾವಿಬ್ಬರೂ ಸೈಕಲ್ ಹತ್ತಿ ಹೊರಟರೆ ಬಾಗಿಲಲ್ಲಿ ನಿಂತು, ಇಬ್ಬರಿಗೂ ವಯಸ್ಸಾಗಿ ಬುದ್ಧಿ ಕೆಟ್ಟಿದೆ ಎಂದು ನಗುತ್ತಿದ್ದಳು. ನಮ್ಮ ಸೀಮೆಯಲ್ಲಿ ಬೆಟ್ಟಗಳು ಪಕ್ಕದಲ್ಲಿ ಕಾಣುತ್ತವೆ, ದಾರಿ ಮಾತ್ರ ಮಟ್ಟಸ. ಒಂದು ಕೆರೆಯ ಏರಿ ಮುಗಿದರೆ ಗದ್ದೆ ಬಯಲು, ಬಯಲು ಮುಗಿದರೆ ಇನ್ನೊಂದು ಕೆರೆ. ಟೇಕಲ್ಲಿಗೆ ಹೋಗಿ ರೈಲ್ವೆ ಸ್ಟೇಷನ್ನಿನಲ್ಲಿ ಟೀ ಕುಡಿದು ಬರುವುದು ನಮ್ಮ ದೊಡ್ಡ ಪ್ರಯಾಣವಾಗಿತ್ತು. ಕೆರೆಗಳೆಂದೆ, ಆಗ ಅವುಗಳಲ್ಲಿ ನೀರಿರಲಿಲ್ಲ. ಹದಿನೈದು ವರ್ಷದಿಂದ ಬಣಗುಟ್ಟಿ ಜಾಲಿ ಬೆಳೆದಿತ್ತು. ಏರಿಯ ಮೇಲೆ ಸುತ್ತುವ ಬದಲು ಕೆರೆಯ ಅಂಗಳದಲ್ಲೇ ಅಡ್ಡ ಹಾಯ್ದು ಆಚೆ ದಡ ಸೇರುತ್ತಿದ್ದೆವು.

ಅಮ್ಮ ಬೇಗ ಹೋದದ್ದರಿಂದ ನನ್ನನ್ನು ಬೆಳೆಸಿದವಳು ಅಕ್ಕನೇ. ತಲೆಗೆ ಎಣ್ಣೆ ಹಚ್ಚಿದವಳು, ಶಾಲೆಗೆ ಎಳೆದುಕೊಂಡು ಹೋದವಳು, ಮದುವೆಯಾಗಿ ಹೋಗುವಾಗ ನನ್ನನ್ನೂ ತನ್ನ ಜೊತೆ ಕರೆದುಕೊಂಡು ಹೋದವಳು. ಭಾವ ಮೊದಲ ದಿನವೇ ನನಗೂ ಒಂದು ತಟ್ಟೆ ಹಾಕಿಸಿದರು. ಆ ಅಕ್ಕ ಒಂದು ಬೇಸಿಗೆಯಲ್ಲಿ ಮೂರೇ ದಿನದ ಜ್ವರಕ್ಕೆ ಹೋಗಿಬಿಟ್ಟಳು.

ನಮ್ಮಲ್ಲಿ ಹೂಳುವ ಪದ್ಧತಿ. ಊರಿನ ಹಳೆಯ ಸ್ಮಶಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೆಲವರು ತಮ್ಮ ಹೊಲದ ಮೂಲೆಯಲ್ಲಿ ಮಣ್ಣು ಮಾಡುತ್ತಿದ್ದರು, ಕೆಲವರು ಒಣಗಿದ ಕೆರೆಯ ಅಂಚಿನಲ್ಲಿ. ಕೆರೆಯಂಚಿನಲ್ಲಿ ಆಗಲೇ ಹತ್ತು ಹನ್ನೆರಡು ಗುಡ್ಡೆಗಳಾಗಿದ್ದವು. ಭಾವ ತಮ್ಮ ಹಿಪ್ಪುನೇರಳೆ ತೋಟದ ಮೂಲೆ ಸಾಕು ಎಂದರು. ನಾನು ಬಾಯಿ ಹಾಕಿದೆ. ತೋಟದ ಪಕ್ಕದ ಜಮೀನುಗಳೆಲ್ಲ ಸೈಟಾಗುತ್ತಿದ್ದ ಕಾಲ ಅದು. ಒಬ್ಬರ ತಾಯಿಯ ಸಮಾಧಿಯ ಮೇಲೆ ಟ್ರ್ಯಾಕ್ಟರ್ ಹರಿದದ್ದನ್ನು ನಾನೇ ಕಣ್ಣಾರೆ ಕಂಡಿದ್ದೆ.

"ಹೊಲ ಇವತ್ತು ನಿಮ್ದು ಭಾವ, ನಾಳೆ ಯಾರದೋ. ಕೆರೆನ ಯಾರೂ ಮಾರೋಕಾಗಲ್ಲ," ಎಂದೆ.

"ಕೆರೆ ಅಂಗಳ ಕಣೋ ಅದು. ನೀರಿನ ಜಾಗ," ಎಂದರು ಭಾವ.

ಈ ಕೆರೆಗೆ ಇನ್ನೆಲ್ಲಿಯ ನೀರು ಎಂದೆ. ಸುತ್ತ ನಿಂತವರೂ ತಲೆಯಾಡಿಸಿದರು. ಸರ್ಕಾರಿ ಕೆಲಸದಲ್ಲಿದ್ದವನ ಮಾತಿಗೆ ನಮ್ಮ ಹಳ್ಳಿಗಳಲ್ಲಿ ಇನ್ನೂ ಒಂದು ತೂಕವಿದೆ, ಅದು ಹುಳು ಸಾಕುವ ಇಲಾಖೆಯಾದರೂ ಸರಿ. ಅಕ್ಕನನ್ನು ಕೆರೆಯಲ್ಲಿಟ್ಟೆವು. ಮೂರನೆಯ ದಿನ ಹಾಲುತುಪ್ಪ ಬಿಟ್ಟು ಬರುವಾಗ ಭಾವ ಅವಳ ಎಡಗಡೆ ನಾಲ್ಕು ಕಲ್ಲು ಇಟ್ಟು ಗುರುತು ಮಾಡಿದರು. ಅದು ತನಗೆ, ಬೇರೆ ಯಾರನ್ನೂ ಅಲ್ಲಿ ಇಡಗೊಡಬೇಡ ಎಂದು ನನಗೆ ಹೇಳಿದರು. ಆಗಲಿ ಎಂದೆ. ಸುಮಾರು ಐವತ್ತು ವರ್ಷ ಒಟ್ಟಿಗಿದ್ದವರು; ಆ ಮನುಷ್ಯ ಮುಂದೆ ಕೇಳಿದ್ದು ಅದೊಂದೇ.

ಅದಾದ ಎರಡನೆಯ ವರ್ಷ ಪೈಪುಗಳು ಬಂದವು. ಬೆಂಗಳೂರಿನಲ್ಲಿ ಬಳಸಿದ ನೀರನ್ನು ಶುದ್ಧ ಮಾಡಿ ನಮ್ಮ ಜಿಲ್ಲೆಯ ಕೆರೆಗಳಿಗೆ ಬಿಡುತ್ತಾರೆ, ಕೊಳವೆಬಾವಿಗಳಿಗೆ ಜೀವ ಬರುತ್ತದೆ ಎಂದರು. ಬೆಂಗಳೂರಿನವರ ಸ್ನಾನದ ನೀರು ನಮಗೆ ತೀರ್ಥ ಎಂದು ಟೀ ಅಂಗಡಿಯಲ್ಲಿ ನಗಾಡಿದರು. ನಾನೂ ನಕ್ಕೆ. ಭಾವ ನಗಲಿಲ್ಲ. ನಮ್ಮ ಕಡೆಯ ಕೆರೆಗಳು ಒಂದರ ಕೆಳಗೊಂದು ಸರಪಣಿಯ ಹಾಗೆ ಇವೆ. ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ಕೆಳಗಿನದಕ್ಕೆ ನೀರು. ಪೈಪು ಬಿಡುವ ಕೆರೆಯಿಂದ ಹಿಡಿದು ನಮ್ಮ ಅಕ್ಕ ಇದ್ದ ಕೆರೆಯೂ ಸೇರಿ ಆರು ಕೆರೆ. ಭಾವ ಸೈಕಲ್ ಒರೆಸಿ ಗಾಳಿ ಹೊಡೆದು, "ಪದ, ಪೋದಾಂ," ಎಂದರು. ನಡಿ ಹೋಗೋಣ ಎಂಬುದಕ್ಕೆ ಅವರು ತೆಲುಗನ್ನೇ ಬಳಸುತ್ತಿದ್ದರು.

ಹೀಗೆ ನಮ್ಮ ಆ ವರ್ಷದ ತಿರುಗಾಟ ಶುರುವಾಯಿತು. ವಾರಕ್ಕೊಂದು ಸಲ ನೀರು ಎಲ್ಲಿಯವರೆಗೆ ಬಂದಿದೆ ಎಂದು ನೋಡಿ ಬರುವುದು. ನೋಡಲು ಚೆಂದವೇ ಇತ್ತು, ಸುಳ್ಳು ಹೇಳುವುದೇಕೆ. ಮೊದಲನೆಯ ಕೆರೆ ತುಂಬಿದಾಗ ಏರಿಯ ಮೇಲೆ ಜಾತ್ರೆಯಂತೆ ಜನ. ಮುಳುಗಿದ ಜಾಲಿ ಗಿಡಗಳು ಎಲೆ ಉದುರಿಸಿ ಬೋಳಾಗಿ ನಿಂತಿದ್ದವು, ಅವುಗಳ ಮೇಲೆ ನೀರುಕಾಗೆಗಳು ರೆಕ್ಕೆ ಹರಡಿ ಕೂತಿದ್ದವು. ಎಲ್ಲಿದ್ದವೋ ಇಷ್ಟು ದಿನ, ಕೊಕ್ಕರೆಗಳು ಸಾಲು ಸಾಲಾಗಿ ಬಂದಿದ್ದವು. ಕುರಿ ಕಾಯುವ ಒಬ್ಬ ಮುದುಕಿ ನೀರಿನಂಚಿನಲ್ಲಿ ಕೂತು ಅಳುತ್ತಿದ್ದಳು, ಸಂತೋಷಕ್ಕೆ. ಸಿಕ್ಕವರೆಲ್ಲ ನಮ್ಮನ್ನು ನಿಲ್ಲಿಸಿ, ನಿಮ್ಮೂರಿಗೂ ಬರ್ತದೆ ಬಿಡಿ ಎಂದು ಸಮಾಧಾನ ಹೇಳುತ್ತಿದ್ದರು. ನಾವು ಹಲ್ಲು ಕಿರಿದು ಹೌದೌದು ಎನ್ನುತ್ತಿದ್ದೆವು. ಸೀಮೆಗೆಲ್ಲ ಹಬ್ಬ, ನಮ್ಮಿಬ್ಬರಿಗೆ ಮಾತ್ರ ಆ ನೀರು ಹತ್ತಿರವಾಗುವುದು ಬೇಡವಾಗಿತ್ತು.

ಎರಡನೆಯ ಕೆರೆ ತುಂಬಿದ ಮೇಲೆ ಭಾವ ಊರಿನ ಹಿರಿಯರನ್ನು ಕೇಳಿದರು. ಅಕ್ಕನನ್ನು ಅಲ್ಲಿಂದ ಎತ್ತಿ ತೋಟದಲ್ಲಿಡಬಹುದೇ ಎಂದು. ಮಣ್ಣಿಗೆ ಕೊಟ್ಟದ್ದನ್ನು ಕೆದಕಬಾರದು ಎಂದರು ಕೆಲವರು. ಶಾಂತಿ ಮಾಡಿಸಿ ಎತ್ತಬಹುದು, ತಪ್ಪೇನಿಲ್ಲ ಎಂದರು ಇನ್ನು ಕೆಲವರು. ಮುಳಬಾಗಿಲಿಗೆ ಕೊಟ್ಟಿದ್ದ ಮಗಳು ಅಪ್ಪ ಹೇಗೆ ಹೇಳಿದರೆ ಹಾಗೆ ಎಂದಳು. ಕೆರೆಯಂಚಿನಲ್ಲಿ ತಮ್ಮವರನ್ನು ಇಟ್ಟಿದ್ದ ಮಿಕ್ಕ ಮನೆಯವರಲ್ಲಿ ಇಬ್ಬರು ಎತ್ತಿಯೂ ಬಿಟ್ಟರು. ಭಾವ ನನ್ನ ಮುಖ ನೋಡಿದರು. "ನೀನು ಹೆಂಗೆ ಹೇಳ್ತೀಯೋ ಹಂಗೆ," ಎಂದರು.

ನಾನು ಲೆಕ್ಕ ಹಾಕಿದೆ. ಮೊದಲ ಕೆರೆಗೆ ಇಷ್ಟು ದಿನ ಹಿಡಿಯಿತು, ಎರಡನೆಯದಕ್ಕೆ ಇಷ್ಟು, ನೆಲಕ್ಕೆ ಇಂಗುವುದು ಇಷ್ಟು. ಐದನೆಯ ಕೆರೆ ಭಾರಿ ದೊಡ್ಡದು, ಅದು ತುಂಬುವುದರೊಳಗೆ ಸಂಕ್ರಾಂತಿ ಬರುತ್ತದೆ ಎಂದು ಏರಿಯ ಮೇಲೆ ಕೂತು ಕಡ್ಡಿಯಿಂದ ಮಣ್ಣಿನಲ್ಲಿ ಗೀಚಿ ತೋರಿಸಿದೆ. ಭಾವ ನಂಬಿದರು. ಮೂರನೆಯದು ತುಂಬಿತು, ಇನ್ನೂ ಟೈಮಿದೆ ಎಂದೆ. ನಾಲ್ಕನೆಯದು ಕೋಡಿ ಬಿದ್ದ ದಿನ ಭಾವ ಸೈಕಲ್ಲಿನಿಂದ ಇಳಿಯಲೇ ಇಲ್ಲ, ಒಂದು ಕಾಲನ್ನು ನೆಲಕ್ಕೆ ಕೊಟ್ಟು ಆ ನೀರನ್ನೇ ನೋಡುತ್ತ ನಿಂತರು. ನಾನು, "ಇನ್ನೂ ಎರಡು ಕೆರೆ ಇದೆ ಭಾವ," ಎಂದೆ. ಅದರಲ್ಲೊಂದು ನಮ್ಮದೇ ಎಂಬುದನ್ನು ನಾನೂ ಹೇಳಲಿಲ್ಲ, ಅವರೂ ಹೇಳಲಿಲ್ಲ.

ಈಗ ನಿಜ ಹೇಳುತ್ತೇನೆ. ಆ ಲೆಕ್ಕವೆಲ್ಲ ಹೆದರಿಕೆಯನ್ನು ಮುಚ್ಚಿಕೊಳ್ಳುವ ಲೆಕ್ಕ. ಗುಂಡಿ ತೆಗೆದರೆ ಅಕ್ಕ ಎರಡು ವರ್ಷದ ಮೇಲೆ ಹೇಗಿರುತ್ತಾಳೋ ಎಂಬ ಭಯ ನನ್ನನ್ನು ಹಿಡಿದಿತ್ತು. ನನ್ನ ತಲೆ ಬಾಚಿದ ಕೈಯನ್ನು ಹಾಗೆ ನೋಡುವ ಎದೆ ನನಗಿರಲಿಲ್ಲ. ಸತ್ತ ಹೆಣ್ಣುಮಗಳ ತಮ್ಮನಾಗಿ, ಪದ್ಧತಿಯಂತೆ ಮೊದಲ ಹಾರೆ ನಾನೇ ಹಾಕಬೇಕಾಗುತ್ತಿತ್ತು. ಇದನ್ನು ಭಾವನ ಹತ್ತಿರ ಬಾಯಿಬಿಟ್ಟು ಹೇಳಿದ್ದರೆ ಅವರೇ ನಾಲ್ಕು ಜನರನ್ನು ಕರೆದು ಮಾಡಿ ಮುಗಿಸುತ್ತಿದ್ದರು. ಹೇಳಲಿಲ್ಲ. ಮೀನಮೇಷ ಎಣಿಸುತ್ತ ವಾರಕ್ಕೊಂದು ಸಲ ಸೈಕಲ್ ತುಳಿದೆ.

ಗೌರಿ ಹಬ್ಬದ ವಾರ ಮಳೆ ಹಿಡಿಯಿತು. ಎರಡು ದಿನ ಬಿಡದೆ ಸುರಿಯಿತು. ಮೂರನೆಯ ದಿನ ಬೆಳಿಗ್ಗೆ ಭಾವ ಫೋನ್ ಮಾಡಿ ಬಾ ಎಂದರು, ಇಟ್ಟುಬಿಟ್ಟರು. ಸಂಕ್ರಾಂತಿಗೆ ತುಂಬಬೇಕಾಗಿದ್ದ ಐದನೆಯ ಕೆರೆ, ಮಳೆ ನೀರೂ ಸೇರಿ, ಹಿಂದಿನ ದಿನವೇ ಕೋಡಿ ಹರಿದಿತ್ತು.

ನಾನು ಹೋಗಿ ಸೈಕಲ್ಲನ್ನು ಏರಿಯ ಮೇಲೆ ಕೆಡವಿ ಇಳಿಯುವ ಹೊತ್ತಿಗೆ ಭಾವ ತೊಡೆಯವರೆಗಿನ ನೀರಿನಲ್ಲಿ ಗುದ್ದಲಿ ಹಿಡಿದು ಅಗೆಯುತ್ತಿದ್ದರು. ಪಂಚೆ ಎತ್ತಿ ಕಟ್ಟಿದ್ದರು, ಪಕ್ಕದಲ್ಲಿ ಒಂದು ಬಿದಿರು ಮಂಕರಿ ತೇಲುತ್ತಿತ್ತು. ಅಗೆದಷ್ಟೂ ಕೆಸರು ಮತ್ತೆ ಬಂದು ಮುಚ್ಚಿಕೊಳ್ಳುತ್ತಿತ್ತು. ಗುಡ್ಡೆ ಯಾವುದು, ನೆಲ ಯಾವುದು ಎಂಬುದೇ ತಿಳಿಯುತ್ತಿರಲಿಲ್ಲ. ನಾನೂ ಇಳಿದು ಬರಿಗೈಯಲ್ಲಿ ತಡಕಾಡಿದೆ. ನೀರು ಸೊಂಟಕ್ಕೆ ಬಂದಾಗ ಅವರ ರಟ್ಟೆ ಹಿಡಿದು ಎಳೆದುಕೊಂಡು ಬಂದೆ. ಅವರು ಬಿಡಿಸಿಕೊಳ್ಳಲಿಲ್ಲ. ಬಂದು ದಡದಲ್ಲಿ ಕೂತರು. ಅಷ್ಟರಲ್ಲಿ ಊರಿನವರು ತಮಟೆ ಬಡಿದುಕೊಂಡು, ಅರಿಸಿನ ಕುಂಕುಮ ಹೂವು ಹಿಡಿದು ಗಂಗೆ ಪೂಜೆಗೆ ಬಂದರು. ಇಷ್ಟು ವರ್ಷದ ಮೇಲೆ ಕೆರೆಗೆ ನೀರು; ಯಾರನ್ನು ದೂರುವುದು. ಕೆಸರು ಮೈಯ ಭಾವನ ಕೈಗೆ ಯಾರೋ ಬಾಳೆ ಎಲೆಯಲ್ಲಿ ಸಿಹಿ ಪೊಂಗಲ್ ಇಟ್ಟರು. ಅವರು ಅದನ್ನು ಪೂರ್ತಿ ತಿಂದು ಎಲೆ ಮಡಿಸಿದರು.

ಮಹಾಲಯ ಅಮಾವಾಸ್ಯೆಗೆ ಎಡೆ ಇಡಬೇಕಲ್ಲ. ಅಷ್ಟರಲ್ಲಿ ಕೆರೆ ತುಂಬಿತ್ತು, ಮೇಲಿನ ಕೆರೆಗಳಿಂದ ಮೀನೂ ಇಳಿದು ಬಂದಿದ್ದವು, ಮೀನು ಹಿಡಿಯುವವನೊಬ್ಬ ಲಾರಿ ಟ್ಯೂಬಿಗೆ ಹಲಗೆ ಕಟ್ಟಿದ ತೆಪ್ಪ ಇಟ್ಟಿದ್ದ. ಅವನನ್ನು ಕೇಳಿಕೊಂಡು ನಾವಿಬ್ಬರೂ ಅದರ ಮೇಲೆ ಕೂತು ಹೋದೆವು. ತೆಪ್ಪದವನು ಎಲ್ಲಿ ಎಂದು ಕೇಳಿದ. ನಾನು ಒಣ ಜಾಲಿಯೊಂದನ್ನು ಗುರುತು ಹಿಡಿದು ಸುಮಾರಾಗಿ ತೋರಿಸಿದೆ. ಭಾವ ಎಲೆಯ ಮೇಲೆ ಮುದ್ದೆ, ಅವರೆಕಾಳಿನ ಸಾರು, ಅಕ್ಕನಿಗೆ ಪ್ರಾಣವಾಗಿದ್ದ ಕಡಲೆಬೇಳೆ ವಡೆ ಇಟ್ಟು ನೀರಿಗೆ ಬಿಟ್ಟರು. ಎಡೆಯನ್ನು ಕಾಗೆ ಮುಟ್ಟಬೇಕು, ಅದು ನಮ್ಮ ಪದ್ಧತಿ. ಕಾಗೆ ಬರುವುದಕ್ಕೆ ಮೊದಲೇ ಎಲೆ ಅಲುಗಾಡಿತು, ಕೆಳಗಿನಿಂದ ಮೀನುಗಳು ಬಾಯಿ ಹಾಕಿ ಮುದ್ದೆಯನ್ನು ಎಳೆಯತೊಡಗಿದವು. ನಾವು ಮೂವರೂ ಅದನ್ನೇ ನೋಡಿದೆವು.

"ನಿಮ್ಮಕ್ಕನಿಗೆ ನೀರು ಅಂದ್ರೆ ಭಯ ಕಣೋ," ಎಂದರು ಭಾವ.

ಅದು ನನಗೆ ಗೊತ್ತಿತ್ತು. ಚಿಕ್ಕಂದಿನಲ್ಲಿ ಬಾವಿಯ ಮೆಟ್ಟಿಲಿನಿಂದ ಜಾರಿ ಬಿದ್ದು ಬದುಕಿದವಳು. ಆಮೇಲೆ ಮೊಣಕಾಲು ಮುಳುಗುವ ಕಾಲುವೆಯನ್ನೂ ನನ್ನ ಕೈ ಹಿಡಿಯದೆ ದಾಟುತ್ತಿರಲಿಲ್ಲ. ಗೊತ್ತಿದ್ದೂ ಒಂದು ದಿನವೂ ನನಗೆ ಅದು ನೆನಪಾಗಿರಲಿಲ್ಲ. ಆ ಸಲ ದಡಕ್ಕೆ ಬರುವವರೆಗೂ ನಾನು ತಲೆ ಎತ್ತಲಿಲ್ಲ. ಅಂದಿನಿಂದ ಭಾವ ಮೀನು ತಿನ್ನುವುದನ್ನು ಬಿಟ್ಟರು, ನಾನೂ ಬಿಟ್ಟೆ.

ಆಮೇಲೂ ನಾವು ಸೈಕಲ್ ಬಿಡಲಿಲ್ಲ. ಇದು ನನಗೇ ಆಶ್ಚರ್ಯ. ನನ್ನ ಮುಖ ನೋಡಲೂ ಬೇಡ ಎಂದು ಅವರು ಅನ್ನಬಹುದಿತ್ತು. ಅನ್ನಲಿಲ್ಲ. ಪ್ರತಿ ಬೇಸಿಗೆಯಲ್ಲಿ ನೀರು ಇಳಿಯುತ್ತದೇನೋ ಎಂದು ಕಾಯುತ್ತಿದ್ದೆವು. ಪೈಪಿನ ನೀರಿಗೆ ಬೇಸಿಗೆಯೆಂಬುದು ಎಲ್ಲಿದೆ, ಕೆರೆ ತುಂಬಿಕೊಂಡೇ ಇರುತ್ತಿತ್ತು. ಭಾವನ ತೋಟದ ಬತ್ತಿದ ಕೊಳವೆಬಾವಿಯಲ್ಲಿ ನೀರು ಬಂತು. ಹಿಪ್ಪುನೇರಳೆ ಎಲೆ ಅಂಗೈ ಅಗಲಕ್ಕೆ ಬಂದು, ವರ್ಷಕ್ಕೆ ಎರಡು ಬೆಳೆ ಹೆಚ್ಚಾಯಿತು. ಸೊಪ್ಪು ಕೊಯ್ಯುವಾಗ ಅವರ ಮುಖದಲ್ಲಿ ಸಂತೋಷ ಕಾಣುತ್ತಿತ್ತು, ಅದರ ಹಿಂದೆಯೇ ತಪ್ಪು ಮಾಡಿದವರ ಹಾಗೆ ಆ ಮುಖ ಸಣ್ಣದಾಗುತ್ತಿತ್ತು. ಇಲಾಖೆಯವನಾಗಿ ನಾನು ಗೂಡು ಚೆನ್ನಾಗಿ ಬಂದಿದೆ ಎಂದು ಹೊಗಳಬೇಕಿತ್ತು. ಅದರ ಬದಲು ಚೀಲದ ಬಾಯಿ ಕಟ್ಟಿ ಕೊಡುತ್ತಿದ್ದೆ.

ಕಳೆದ ವರ್ಷದ ಹಿಂದಿನ ವರ್ಷ ಇಬ್ಬರೂ ಮುಳಬಾಗಿಲಿಗೆ ಮಗಳ ಮನೆಗೆ ಸೈಕಲ್ಲಿನಲ್ಲೇ ಹೊರಟೆವು. ಹೈವೇ ಬಿಟ್ಟು ಕೆರೆ ಏರಿಗಳ ಮೇಲೆ, ಟೊಮೆಟೊ ತೋಟಗಳ ನಡುವೆ, ನಿಧಾನಕ್ಕೆ. ಭಾವನಿಗೆ ಆಗಲೇ ಏದುಸಿರು ಬರುತ್ತಿತ್ತು, ಮೈಲಿಗೊಂದು ಕಡೆ ಇಳಿಯುತ್ತಿದ್ದೆವು. ಯಾವುದೋ ಕೆರೆಯ ತೂಬಿನ ಕಟ್ಟೆಯ ಮೇಲೆ ಕೂತು ಬುತ್ತಿ ಬಿಚ್ಚಿದಾಗ ನನಗೆ ತಡೆಯಲಾಗಲಿಲ್ಲ. ಲೆಕ್ಕ ಹಾಕಿದ್ದು ಹೆದರಿಕೆಗೆ, ಗುಂಡಿ ತೆಗೆಯಲು ನನಗೆ ಧೈರ್ಯವಿರಲಿಲ್ಲ, ಅದಕ್ಕೇ ದಿನ ತಳ್ಳಿದೆ, ನನ್ನನ್ನು ಕ್ಷಮಿಸಿ ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ. ಅವರ ಕಾಲು ಮುಟ್ಟಲು ಬಗ್ಗಿದೆ. ಅವರು ಕಾಲು ಹಿಂದಕ್ಕೆ ತೆಗೆದುಕೊಂಡರು.

ಮೊಸರನ್ನ ಕಲಸತೊಡಗಿದರು. ನನಗೆ ಬೇಕಿದ್ದದ್ದು ಒಂದೇ ಮಾತು, ಹೋಗ್ಲಿ ಬಿಡೋ ಎಂಬ ಮಾತು. ಅವರು ಅದನ್ನು ಹೇಳಲಿಲ್ಲ.

"ನಂಗೆ ಗೊತ್ತಿತ್ತು. ಗೀಚೋವಾಗ ನೀನು ಒಂದ್ಸಲಾನೂ ನನ್ ಮುಖ ನೋಡ್ಲಿಲ್ಲ," ಎಂದರು. "ಸಿಟ್ಟಿದೆ ಕಣೋ ನಿನ್ ಮೇಲೆ. ಇವಾಗ್ಲೂ ಇದೆ. ಹೋಗಲ್ಲ ಅದು. ಆದ್ರೆ ಅವಳ ಸುದ್ದಿ ಎತ್ತಬೇಕು ಅಂದ್ರೆ ನಿನ್ ಬಿಟ್ಟು ನಂಗ್ಯಾರಿದಾರೆ?"

ಆಮೇಲೆ ಊಟ ಮುಗಿಸಿ ಕೈ ತೊಳೆದು, ಎಂದಿನಂತೆ ತೆಲುಗಿನಲ್ಲೇ ಹೊರಡೋಣ ಎಂದರು. ದಾರಿಯುದ್ದಕ್ಕೂ ಅಕ್ಕನ ಮಾತೇ. ಮದುವೆಯಾದ ಹೊಸದರಲ್ಲಿ ಅವಳು ಸಾರಿಗೆ ಎರಡು ಸಲ ಉಪ್ಪು ಹಾಕಿದ್ದು, ನನಗೆ ಪರೀಕ್ಷೆ ಎಂದು ಹುಳುವಿನ ಮನೆಯಲ್ಲಿ ಬುಡ್ಡಿದೀಪ ಇಟ್ಟು ಓದಿಸಿ, ಹೊಗೆ ಹುಳುವಿಗೆ ಆಗದೆಂದು ಅತ್ತೆಯ ಕೈಲಿ ಬೈಸಿಕೊಂಡದ್ದು. ಇಬ್ಬರೂ ನಕ್ಕೆವು. ಅವರ ಸೈಕಲ್ ನನ್ನ ಸೈಕಲ್ಲಿಗಿಂತ ಒಂದು ಗಾಲಿ ಮುಂದೆಯೇ ಇತ್ತು.

ಕಳೆದ ಚಳಿಗಾಲದಲ್ಲಿ ಭಾವ ಹೋದರು. ತೋಟದಿಂದ ಸೊಪ್ಪಿನ ಹೊರೆ ತಂದು ಜಗಲಿಯ ಮೇಲಿಟ್ಟು, ಅಲ್ಲೇ ಒರಗಿದವರು ಏಳಲಿಲ್ಲ. ಮಗಳು ಬಂದಳು, ಊರಿನವರು ಸೇರಿದರು. ಕೆರೆ ಬಿರಿಯುವಂತೆ ತುಂಬಿತ್ತು. ಮಗಳು ನನ್ನ ಹತ್ತಿರ ಬಂದು, "ಮಾಮ, ಅಪ್ಪನ್ನ ಎಲ್ಲಿಡೋಣ?" ಎಂದಳು. ಜನ ನನ್ನ ಬಾಯಿಯನ್ನೇ ನೋಡುತ್ತ ನಿಂತಿದ್ದರು. ನನ್ನನ್ನು ಕೇಳಬೇಡಮ್ಮ ಎಂದೆ. ಅವಳೇ ತೋಟದ ಮೂಲೆ ತೋರಿಸಿದಳು, ಅಕ್ಕನಿಗೆಂದು ಭಾವ ಮೊದಲೇ ಕೇಳಿದ್ದ ಮೂಲೆ. ಆ ಸಲ ಮೊದಲ ಹಾರೆ ನಾನೇ ಹಾಕಿದೆ. ಅಕ್ಕನಿಗೂ ಅವರಿಗೂ ನಡುವೆ ಈಗ ಇಡೀ ಬಯಲಿದೆ, ಏರಿಯಿದೆ, ನೀರಿದೆ.

ಈಗಲೂ ಸೈಕಲ್ ತುಳಿಯುತ್ತೇನೆ, ಡಾಕ್ಟರು ಹೇಳಿದ್ದಾರಲ್ಲ. ಏರಿಯ ಮೇಲೆ ಸಿಕ್ಕ ಪರವೂರಿನವರು ನಿಂತು, ಕೆರೆ ಹೇಗೆ ತುಂಬಿದೆ ನೋಡಿ ಎನ್ನುತ್ತಾರೆ. ಒಬ್ಬರಿಗೂ ಇದರೊಳಗೆ ನಮ್ಮಕ್ಕ ಇದ್ದಾಳೆ ಎಂದು ಹೇಳಿಲ್ಲ. ಹೇಳಿದರೆ ಅಯ್ಯೋ ಪಾಪ ಎನ್ನುತ್ತಾರೆ, ನಿಮ್ಮದೇನು ತಪ್ಪು ಎಂದು ಸುಲಭವಾಗಿ ಕ್ಷಮಿಸಿಬಿಡುತ್ತಾರೆ; ಭಾವನ ಮಗಳೂ ಎಂದೋ ಕ್ಷಮಿಸಿದ್ದಾಳೆ. ನನ್ನ ಮೇಲೆ ಸಿಟ್ಟು ಮಾಡಿಕೊಳ್ಳುವಷ್ಟು ಅಕ್ಕನನ್ನು ಬಲ್ಲವರು ಈಗ ಯಾರೂ ಇಲ್ಲ.